ಸೂರ್ಯನ ಕಲೆ, ಕಣ್ಣಿನ ಪೊರೆ

ನನ್ನ ಗಂಡನ ಎರಡೂ ಕಣ್ಣುಗಳಲ್ಲಿ ಪೊರೆ ಬಲಿತಿದೆ, ಇನ್ನು ತಡಮಾಡದೆ ಆಪರೇಷನ್ ಮಾಡಿಸಿಕೊಳ್ಳಬೇಕು ಎಂದು ಲೂಯಿಸ್‌ವಿಲ್‌ನ ಕಣ್ಣಿನ ಡಾಕ್ಟರು ಹೇಳಿದಾಗ ಅವರು ಕೊಟ್ಟ ಉತ್ತರ ಇದು: "ಮಾಡಿಸ್ಕೊಳ್ಳೋಣಂತ. ಮೊದ್ಲ ಸೂರ್ಯ ತನ್ನ ಶಿಖರ ದಾಟಲಿ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ಅಕ್ಷರಗಳ ಪಟ ನೋಡಿದೆ. ಅದರಲ್ಲಿ ಮೇಲಿನ ಕೆಲವು ಸಾಲುಗಳನ್ನು ಓದಿ ಉಳಿದದ್ದನ್ನು ನಮ್ಮವರು ಊಹೆಯ ಮೇಲೆ ಹೇಳಿದ್ದರು. ಎಷ್ಟು ಧೈರ್ಯದಿಂದ ಹೇಳಿದ್ದರೆಂದರೆ ಪಕ್ಕದಲ್ಲಿದ್ದ ನರ್ಸ್ ಒಮ್ಮೆ ತಿರುಗಿ ಪಟ ಬದಲಾಗಿದೆಯೇ ಎಂದು ನೋಡಿದಳು.

"ಯಾವ ಶಿಖರರಿ, ಸರ್?"

"ಹನ್ನೊಂದು ವರ್ಷಕ್ಕೊಮ್ಮೆ ಸೂರ್ಯಂದು ಒಂದು ಚಕ್ರ ಇರ್ತದಲ್ಲವಾ, ಅದರ ಶಿಖರ. ಈಗ ಹತ್ರ ಬಂದದ. ಇಂಥಾ ಹೊತ್ತಿನ್ಯಾಗ ಕಣ್ಣು ಬದಲಿ ಆದ್ರ ನನ್ನ ಎಣಿಕಿ ಹಾಳಾಗ್ತದ."

"ಕಣ್ಣು ಬದಲಿ ಮಾಡಂಗಿಲ್ರಿ. ಲೆನ್ಸ್ ಅಷ್ಟ ಬದಲಿ ಮಾಡೋದು."

"ಅದನ್ನ ನಾ ಹೇಳಿದ್ದು. ಲೆನ್ಸ್ ಬದಲಿ ಮಾಡೂದಂದ್ರ ಟೆಲಿಸ್ಕೋಪ್ ಬದಲಿ ಮಾಡಿದಂಗ."

ಈ ಡಾಕ್ಟರಮ್ಮ ಹುಬ್ಬಳ್ಳಿಯ ಮೆಡಿಕಲ್ ಕಾಲೇಜಿನಲ್ಲಿ ನಮ್ಮವರಿಗಿಂತ ಎಷ್ಟೋ ವರ್ಷ ಕಿರಿಯರು. ಅದಕ್ಕೇ ಈ ಯಜಮಾನರು ಅಷ್ಟು ದೂರ ಹೋಗುವುದು. ಟೆಕ್ಸಸ್‌ನ ಆಸ್ಟಿನ್ ಪಕ್ಕದಲ್ಲಿ ನಾವಿರುವ ಸೀಡರ್ ಪಾರ್ಕ್‌ನಿಂದ ಡಲ್ಲಾಸ್ ಹತ್ತಿರದ ಲೂಯಿಸ್‌ವಿಲ್‌ಗೆ ಕಾರಿನಲ್ಲಿ ಮೂರೂವರೆ ಗಂಟೆಯ ದಾರಿ. ಆಸ್ಟಿನ್‌ನಲ್ಲಿ ಕಣ್ಣಿನ ಆಸ್ಪತ್ರೆಗಳಿಗೆ ಬರವಿಲ್ಲ. ನಮ್ಮ ಮನೆಯಿಂದ ಹಾಲು ತರಲು ಹೋಗುವ ದಾರಿಯಲ್ಲೇ ಎರಡು ಇವೆ. ಆದರೆ ತಮ್ಮ ಕಾಲೇಜಿನವರಲ್ಲದೆ ಬೇರೆ ಯಾರ ಕೈಗೂ ಕಣ್ಣು ಕೊಡುವುದಿಲ್ಲವೆಂದು ಅವರ ಹಠ. ಅಷ್ಟು ದೂರ ಹೋಗಿ, ಆ ಕೈಗೂ ಕೊಡದೆ ವಾಪಸ್ ಬಂದೆವು. ಹೊರಡುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ವೈನಿ, ಸಂಜಿ ಮುಂದ ಅವ್ರ ಕೈಯಾಗ ಗಾಡಿ ಕೊಡಬ್ಯಾಡ್ರಿ" ಎಂದರು.

ನಮ್ಮವರು ಹ್ಯೂಸ್ಟನ್‌ನಲ್ಲಿ ಬಹಳ ವರ್ಷ ಡಾಕ್ಟರಾಗಿದ್ದವರು. ಆಪರೇಷನ್ ಮುಂದೂಡಿದ ರೋಗಿಗಳನ್ನು ಅವರು ಬೈಯುತ್ತಿದ್ದುದನ್ನು ಫೋನಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಆ ದಿನಗಳಲ್ಲೇ ಅವರಿಗೆ ಸೂರ್ಯನ ಮೇಲಿನ ಕಲೆಗಳನ್ನು ಎಣಿಸುವ ಅಭ್ಯಾಸ ಹತ್ತಿತು. ಚಿಕ್ಕದೊಂದು ಟೆಲಿಸ್ಕೋಪ್. ಅದರಲ್ಲಿ ಕಣ್ಣಿಟ್ಟು ನೋಡುವುದಿಲ್ಲ, ನೋಡಿದರೆ ಕಣ್ಣೇ ಹೋಗುತ್ತದೆ. ಹಿಂದೆ ಒಂದು ಹಲಗೆ ನಿಲ್ಲಿಸಿ ಬಿಳಿ ಕಾಗದ ಅಂಟಿಸಿದರೆ ಅದರ ಮೇಲೆ ಅಂಗೈಯಗಲದ ಸೂರ್ಯ ಬೀಳುತ್ತಾನೆ. ಅವನ ಮೇಲಿನ ಕಪ್ಪು ಕಲೆಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಬೇಕು. ಒಂದೊಂದು ಗುಂಪಿಗೆ ಹತ್ತು, ಒಂದೊಂದು ಕಲೆಗೆ ಒಂದು ಎಂದು ಲೆಕ್ಕ ಹಿಡಿದು ಕೂಡಬೇಕು. ಆ ಸಂಖ್ಯೆ ಪ್ರತಿ ತಿಂಗಳೂ ದೂರದ ದೇಶದ ಒಂದು ಕೇಂದ್ರಕ್ಕೆ ಹೋಗುತ್ತದೆ. ಇಂಥ ಎಣಿಕೆದಾರರು ಎಷ್ಟೋ ದೇಶಗಳಲ್ಲಿ ಇದ್ದಾರೆ. ಎಲ್ಲರ ಸಂಖ್ಯೆ ಸೇರಿಸಿ ಸೂರ್ಯನ ಆ ತಿಂಗಳ ಅಂಕಿ ತೆಗೆಯುತ್ತಾರೆ.

ಈ ಕೆಲಸಕ್ಕೆ ಒಳ್ಳೆಯ ಟೆಲಿಸ್ಕೋಪಿಗಿಂತ ಬದಲಾಗದ ಟೆಲಿಸ್ಕೋಪ್ ಮುಖ್ಯ. ಅದೇ ನಳಿಗೆ, ಅದೇ ಹಲಗೆ, ಅದೇ ಕಣ್ಣು. ಹಾಗಿದ್ದರೆ ಮಾತ್ರ ಈ ಚಕ್ರವನ್ನು ಹಿಂದಿನ ಚಕ್ರದ ಪಕ್ಕದಲ್ಲಿಟ್ಟು ಯಾವುದು ದೊಡ್ಡದು ಎನ್ನಬಹುದು. ಮಗಳು ಅವರ ಅರವತ್ತನೇ ಹುಟ್ಟುಹಬ್ಬಕ್ಕೆ ತಂದುಕೊಟ್ಟ ದೊಡ್ಡ ಟೆಲಿಸ್ಕೋಪ್ ಇದೇ ಕಾರಣಕ್ಕೆ ಗರಾಜಿನಲ್ಲಿ ಪೆಟ್ಟಿಗೆ ಒಡೆಯದೆ ಕೂತಿದೆ. ಮನೆ ಹ್ಯೂಸ್ಟನ್‌ನಿಂದ ಇಲ್ಲಿಗೆ ಶಿಫ್ಟ್ ಆದಾಗ ನನ್ನ ಗಾಜಿನ ಸಾಮಾನೆಲ್ಲ ಟ್ರಕ್ಕಿನಲ್ಲಿ ಬಂತು. ಆ ಹಲಗೆ ನನ್ನ ತೊಡೆಯ ಮೇಲೆ ಬಂತು.

ನಾನೂ ಎಣಿಸಿ ಬದುಕಿದವಳೇ. ಆಸ್ಪತ್ರೆಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಕೆಳಗೆ ರಕ್ತದ ಕಣಗಳನ್ನು ಎಣಿಸುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಅವರ ಶಿಸ್ತಿನ ಬಗ್ಗೆ ನನಗೆ ತಕರಾರಿರಲಿಲ್ಲ. ತಕರಾರು ಇದ್ದದ್ದು ಆ 'ಶಿಖರ'ದ ಬಗ್ಗೆ.

ಯಾಕೆಂದರೆ ಶಿಖರ ಯಾವತ್ತು ಎಂದು ಯಾರಿಗೂ ಗೊತ್ತಿರುವುದಿಲ್ಲ. ಕಲೆಗಳ ಸಂಖ್ಯೆ ಒಂದು ತಿಂಗಳು ಏರುತ್ತದೆ, ಮರುತಿಂಗಳು ಇಳಿಯುತ್ತದೆ. ಹಿಂದಿನ ಮುಂದಿನ ತಿಂಗಳುಗಳನ್ನೆಲ್ಲ ಸೇರಿಸಿ ಸರಾಸರಿ ತೆಗೆದಾಗ, ಶಿಖರ ಬಂದು ಹೋಗಿ ಅರ್ಧ ವರ್ಷವಾದ ಮೇಲೆ, ಓಹೋ ಅದೇ ಆಗಿತ್ತು ಎಂದು ಗೊತ್ತಾಗುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. ಕೆಲವು ಚಕ್ರಗಳಿಗೆ ಎರಡನೆಯ ಶಿಖರವೂ ಇರುತ್ತದೆ.

ಮಗಳು ಹ್ಯೂಸ್ಟನ್‌ನಲ್ಲಿ ಮನೆ ಕೊಂಡಾಗ, ಅಮಾವಾಸ್ಯೆ ದಿನ ಕೀಲಿಕೈ ತೆಗೆದುಕೊಳ್ಳುವುದು ಬೇಡ, ಮಾರನೇ ದಿನ ತೆಗೆದುಕೊಳ್ಳಲಿ ಎಂದು ನಾನು ಅಂದಿದ್ದೆ. ಅದಕ್ಕೆ ಅಪ್ಪ ಮಗಳು ಸೇರಿಕೊಂಡು ವಾರವಿಡೀ ನನ್ನನ್ನು ಆಡಿಕೊಂಡಿದ್ದರು. ಈಗ ನನ್ನ ಸರದಿ.

"ಅಮಾವಾಸ್ಯೆ ಕ್ಯಾಲೆಂಡರಿನಲ್ಲಾದ್ರೂ ಇರತ್ತೆ ರೀ. ನಿಮ್ಮ ಮುಹೂರ್ತ ಕಳೆದುಹೋದ ಮೇಲೆ ಗೊತ್ತಾಗೋದು!"

"ಇದು ಮುಹೂರ್ತ ಅಲ್ಲ, ಸೈನ್ಸ್."

"ಸೈನ್ಸಿಗೆ ಹೇಳಿ, ನಮ್ಮ ಯಜಮಾನರಿಗೆ ನಿನ್ನೆ ಉಪ್ಪಿನ ಡಬ್ಬಿ ಯಾವುದು ಸಕ್ಕರೆ ಡಬ್ಬಿ ಯಾವುದು ಗೊತ್ತಾಗ್ಲಿಲ್ಲ ಅಂತ."

"ನಿನ್ನ ಡಬ್ಬಿಗೋಳು ಎಲ್ಲಾ ಒಂದ ನಮೂನಿ ಅವ."

ಈ ಹಠದ ಹಿಂದೆ ಇನ್ನೊಂದು ವಿಷಯವಿತ್ತು. ಚಕ್ರ ಶುರುವಾಗುವ ಮುಂಚೆ, ಸೂರ್ಯನ ಮೇಲೆ ಕಲೆಗಳೇ ಇಲ್ಲದ ದಿನಗಳಲ್ಲಿ, ಮುಂದಿನದು ಎಷ್ಟು ಜೋರಾಗಿರುತ್ತದೆ ಎಂದು ತಿಳಿದವರೆಲ್ಲ ಭವಿಷ್ಯ ಹೇಳಿದ್ದರು. ತಜ್ಞರ ಸಮಿತಿಯೊಂದು ಹಿಂದಿನ ಚಕ್ರದ ಹಾಗೆ ಇದೂ ಸಪ್ಪೆಯೇ ಎಂದಿತ್ತು. ಬಹಳ ದೊಡ್ಡದಾಗುತ್ತದೆ ಎಂದವರೂ ಇದ್ದರು. ನಮ್ಮವರು ಸಪ್ಪೆಯ ಪಕ್ಷ. ಸುಮ್ಮನೆ ಹೇಳಿದ್ದಲ್ಲ, ಅವರಿಗೆ ಕಾರಣವಿತ್ತು. ಸೂರ್ಯ ಸುಮ್ಮನಿರುವ ಕಾಲದಲ್ಲಿ ಅವನ ಎರಡು ಧ್ರುವಗಳಲ್ಲಿ ಎಷ್ಟು ಕಾಂತಶಕ್ತಿ ಸೇರಿರುತ್ತದೋ ಅದೇ ಮುಂದಿನ ಚಕ್ರದ ಬೀಜ. ಈ ಸಲ ಬೀಜ ಸಣ್ಣದು ಎಂದು ಅವರ ವಾದ. ಡಲ್ಲಾಸ್ ಕಡೆಯ ಕನ್ನಡದವರು ಸೇರಿದ್ದ ಒಂದು ಯುಗಾದಿ ಊಟದಲ್ಲಿ ಇದನ್ನು ಮೈಕ್ ಹಿಡಿದು ಹೇಳಿದ್ದರು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳನ್ನು ನೆನೆದರೆ ಈಗಲೂ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. "ಅಂಕಲ್, ಹಾಗಾದ್ರೆ ಈ ಸಲ ಸಮ್ಮರ್ ಕಮ್ಮಿನಾ? ಎಸಿ ಬಿಲ್ ಕಟ್ಟಿ ಸಾಕಾಗಿದೆ" ಎಂದರು ಒಬ್ಬರು. ಕಲೆಗಳಿಗೂ ಟೆಕ್ಸಸ್‌ನ ಬೇಸಿಗೆಗೂ ಸಂಬಂಧವಿಲ್ಲ ಎಂದು ಇವರು ಸಮಾಧಾನದಿಂದ ತಿಳಿಸಿ ಹೇಳಿದರು. ಎಲ್ಲ ಕೇಳಿಸಿಕೊಂಡ ಇನ್ನೊಬ್ಬರು, "ಅದೆಲ್ಲ ಸರಿ ಅಂಕಲ್. ರೂಫ್ ಮೇಲೆ ಸೋಲಾರ್ ಪ್ಯಾನೆಲ್ ಈ ವರ್ಷ ಹಾಕಿಸ್ಲಾ, ಸೂರ್ಯ ಸ್ಟ್ರಾಂಗ್ ಆದ್ಮೇಲೆ ಹಾಕಿಸ್ಲಾ?" ಎಂದರು. ನಮ್ಮವರು ಹೋಳಿಗೆ ಬಿಟ್ಟು ಎದ್ದರು.

ಚಕ್ರ ಏರತೊಡಗಿತು. ತಜ್ಞರು ಹೇಳಿದ್ದಕ್ಕಿಂತ ಜೋರಾಗಿಯೇ ಏರುತ್ತಿದೆ ಎಂದು ಸುದ್ದಿ ಬರತೊಡಗಿತು. ಒಂದು ಬೆಳಿಗ್ಗೆ ಡಲ್ಲಾಸ್ ಕಡೆಯ ಲಿಟಲ್ ಎಲ್ಮ್‌ನ ಗೆಳೆಯರು ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದರು: ಹಿಂದಿನ ರಾತ್ರಿ ಕೆರೆಯ ಮೇಲಿನ ಆಕಾಶ ಗುಲಾಬಿ ಬಣ್ಣಕ್ಕೆ ತಿರುಗಿದ್ದು. ಸೂರ್ಯ ಕೆರಳಿದಾಗ ಉತ್ತರದ ಹಿಮದ ದೇಶಗಳಲ್ಲಿ ಕಾಣುವ ಬೆಳಕು ಟೆಕ್ಸಸ್‌ಗೂ ಬಂದಿತ್ತು. ನಮ್ಮವರು ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಸಣ್ಣ ಚಕ್ರದಾಗೂ ಒಂದೊಂದು ದೊಡ್ಡ ಬಿರುಗಾಳಿ ಬರ್ತದ. ನನ್ನ ಎಣಿಕಿ ನೋಡು, ಸಪ್ಪಿನ ಅದ" ಎಂದರು. ಮೊದಲ ಮಾತು ನಿಜ. ಎರಡನೆಯದೂ ನಿಜ. ಅವರ ಕಾಗದದ ಮೇಲೆ ಚಕ್ರ ಸಪ್ಪೆಯಾಗಿಯೇ ಇತ್ತು.

ನಿಮ್ಮ ಸಂಖ್ಯೆ ಉಳಿದವರಿಗಿಂತ ಕೆಳಗೆ ಜಾರುತ್ತಿದೆ, ಉಪಕರಣವೇನಾದರೂ ಬದಲಾಗಿದೆಯೇ ಎಂದು ಆ ಕೇಂದ್ರದಿಂದ ವಿನಯದ ಒಂದು ಇಮೇಲ್ ಬಂತು. ಇಲ್ಲಿ ಏನೂ ಬದಲಾಗಿಲ್ಲ ಎಂದು ಇವರು ಹೆಮ್ಮೆಯಿಂದ ಉತ್ತರ ಬರೆದರು.

ನಾನು ಕಾಫಿ ಕೊಡಲು ಹಿತ್ತಲಿಗೆ ಹೋದಾಗ ಕಾಗದದ ಮೇಲೆ ಅವರು ಗುರುತು ಹಾಕದ ಸಣ್ಣ ಚುಕ್ಕೆಗಳು ನನಗೆ ಕಾಣುತ್ತಿದ್ದವು. "ಇಲ್ಲೊಂದು ಇದೆಯಲ್ಲ ರೀ" ಎಂದರೆ "ಕಾಗದದ ಕಲಿ ಅದು" ಎನ್ನುತ್ತಿದ್ದರು. ಅದನ್ನು ತಿಳಿಯುವ ಉಪಾಯ ಅವರೇ ನನಗೆ ಕಲಿಸಿದ್ದು: ಕಾಗದ ಸ್ವಲ್ಪ ಅಲುಗಿಸಬೇಕು. ಚುಕ್ಕೆ ಕಾಗದದ ಜೊತೆ ಸರಿದರೆ ಕೊಳೆ, ಇದ್ದಲ್ಲೇ ನಿಂತರೆ ಸೂರ್ಯನದು. ಅಲುಗಿಸಿ ತೋರಿಸಿದರೆ, "ನೀ ಕೈ ಹಚ್ಚಬ್ಯಾಡ, ಹಲಗಿ ಸರೀತದ" ಎಂದು ಗದರುತ್ತಿದ್ದರು.

ಇಷ್ಟು ಹೇಳಿದ ಮೇಲೆ ಆ ಸಂಜೆಯದನ್ನು ಹೇಳಬೇಕು.

ಮಗಳ ಮನೆಯಿಂದ ವಾಪಸ್ ಬರುತ್ತಿದ್ದೆವು. ಹೊತ್ತು ಮುಳುಗುವ ಮುಂಚೆ ಮನೆ ಸೇರೋಣ ಎಂದು ನಾನು ಬೇಗ ಎಬ್ಬಿಸಿದ್ದೆ; ಊಟ, ಮಾತು ಎಂದು ತಡವಾಗಿತ್ತು. ಹೊರಡುವಾಗ ಮಗಳು, "ಅಮ್ಮಾ, ಡೋಂಟ್ ಲೆಟ್ ಹಿಮ್ ಡ್ರೈವ್" ಎಂದಿದ್ದಳು. ನಾನು ಕೀಲಿಕೈ ಕೇಳಿದೆ. ಅರ್ಧ ದಾರಿ ನಾನು, ಅರ್ಧ ದಾರಿ ನೀನು ಎಂದು ಅವರು ಡ್ರೈವರ್ ಸೀಟಿನಲ್ಲಿ ಕೂತುಬಿಟ್ಟರು. ಹ್ಯೂಸ್ಟನ್‌ನಿಂದ ಆಸ್ಟಿನ್‌ಗೆ ಬರುವ ರಸ್ತೆ ಸಂಜೆಯ ಹೊತ್ತು ನೇರ ಸೂರ್ಯನ ಮುಖಕ್ಕೆ ಹೋಗುತ್ತದೆ. ಬ್ರೆನಮ್ ಎಂಬ ಊರು ದಾಟಿದ ಮೇಲೆ ಸೂರ್ಯ ಕಾರಿನ ಮುಂದಿನ ಗಾಜಿನ ಮಟ್ಟಕ್ಕೆ ಇಳಿದ. ಅವರು ಬಿಸಿಲು ತಡೆಯುವ ಮೇಲಿನ ತಟ್ಟೆಯನ್ನು ಇಳಿಸಿಕೊಂಡರು, ಕಣ್ಣು ಕಿರಿದು ಮಾಡಿದರು. "ನಿಲ್ಸಿ, ನಾನು ತಗೋತೀನಿ" ಎಂದೆ. "ಮುಂದಿನ ಎಕ್ಸಿಟ್‌ಗೆ" ಎಂದರು.

ಬಲಗಡೆ ರಸ್ತೆಯ ಕೆಲಸ ನಡೆಯುತ್ತಿತ್ತು. ಕೇಸರಿ ಬಣ್ಣದ ಶಂಕುಗಳನ್ನು ಸಾಲಾಗಿ ಇಟ್ಟಿದ್ದರು. ಕೊನೆಯ ಶಂಕುವಿನ ಬಳಿ ಕೇಸರಿ ಅಂಗಿಯ ಒಬ್ಬ ಮನುಷ್ಯ ಬಗ್ಗಿ ಏನನ್ನೋ ಎತ್ತುತ್ತಿದ್ದ. ನಾನು ಅವನನ್ನು ಬಹಳ ದೂರದಿಂದಲೇ ನೋಡಿದ್ದೆ. ಇವರೂ ನೋಡಿರುತ್ತಾರೆ ಎಂದುಕೊಂಡೆ. ಕಾರು ಬಲಕ್ಕೆ ವಾಲುತ್ತಲೇ ಇತ್ತು. ಅವನು ತಲೆ ಎತ್ತಿದ. ಅವನ ಬಾಯಿ ತೆರೆದದ್ದು ನನಗೆ ಕಾಣಿಸಿತು. ನಾನು ಕಿರುಚಿ ಸ್ಟಿಯರಿಂಗ್‌ಗೆ ಕೈ ಹಾಕಿದೆ. ಶಂಕುಗಳು ದಡದಡ ಬಡಿದವು, ಒಂದು ಕಾರಿನ ಅಡಿಗೆ ಸಿಕ್ಕಿ ಕೆರೆಯುತ್ತ ಬಂತು. ಕಾರು ನಿಂತಿತು.

ನಾನು ಇಳಿದು ಹಿಂದಕ್ಕೆ ಓಡಿದೆ. ಆ ಮನುಷ್ಯ ಹುಲ್ಲಿನ ಮೇಲೆ ಕೂತಿದ್ದ. ತಾಗಿರಲಿಲ್ಲ; ಹಾರಿ ಬಿದ್ದಿದ್ದ. ಎದ್ದು ನಿಂತು ಕೈ ಎತ್ತಿ ಬೈಯತೊಡಗಿದವನು ನನ್ನ ನರೆಗೂದಲು ನೋಡಿಯೋ ಏನೋ ಅರ್ಧಕ್ಕೆ ನಿಲ್ಲಿಸಿದ. "ಮ್ಯಾಮ್, ಯು ಓಕೆ?" ಎಂದ. ಅವನೇ ಬಂದು, ಮಲಗಿ, ಕಾರಿನ ಅಡಿಯಿಂದ ಶಂಕುವನ್ನು ಎಳೆದು ತೆಗೆದ.

ನಾನು ಡ್ರೈವರ್ ಸೀಟಿಗೆ ಬಂದೆ. ನಮ್ಮವರು ಆ ಕಡೆ ಹೋಗಿ ಕೂತರು. ಒಂದಷ್ಟು ದೂರ ಹೋದ ಮೇಲೆ, "ಒಂದೆರಡು ಶಂಕು ಬಿದ್ದದ್ದಕ್ಕ ಅಷ್ಟ್ಯಾಕ ಚೀರಿದಿ?" ಎಂದರು.

"ಶಂಕುಗೆ ಅಲ್ಲ ರೀ. ಆ ಮನುಷ್ಯನಿಗೆ."

ಅವರು ನನ್ನ ಕಡೆ ತಿರುಗಿದರು. "ಅಲ್ಲೆ ಮನಷ್ಯಾ ಇದ್ದನೇನು?"

ಅವನು ಬೈದದ್ದು, ಶಂಕು ಎಳೆದದ್ದು ಎಲ್ಲ ಅವರ ಕಿವಿಗೆ ಬಿದ್ದಿತ್ತು. ಎಲ್ಲ ಆದ ಮೇಲೆ ಸಹಾಯಕ್ಕೆ ಓಡಿ ಬಂದ ಯಾರೋ ಎಂದುಕೊಂಡಿದ್ದರಂತೆ. ಕಾರಿನ ಮುಂದೆ ಇದ್ದವನು ಅವನೇ ಎಂದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಬೆಳಿಗ್ಗೆ ಆಕಾಶ ಶುಭ್ರವಾಗಿತ್ತು. ಅವರು ಟೆಲಿಸ್ಕೋಪ್ ಹೊರಗಿಟ್ಟಾಗ ನಾನೂ ಹೋದೆ. ನಮ್ಮ ಲ್ಯಾಬಿನಲ್ಲಿ ಅನುಮಾನ ಬಂದರೆ ಒಂದೇ ಸ್ಲೈಡನ್ನು ಇಬ್ಬರು ಬೇರೆಬೇರೆಯಾಗಿ ಎಣಿಸಿ, ಒಬ್ಬರಿಗೊಬ್ಬರು ತೋರಿಸದೆ ಮೇಲಿನವರಿಗೆ ಕೊಡುತ್ತಿದ್ದೆವು. "ಇವತ್ತು ಹಾಗೆ ಮಾಡೋಣ" ಎಂದೆ. ರೇಗುತ್ತಾರೆ ಎಂದುಕೊಂಡಿದ್ದೆ, ರೇಗಲಿಲ್ಲ. ಮೊದಲು ಅವರು ಗುರುತು ಹಾಕಿ ಕಾಗದ ತೆಗೆದರು. ಹೊಸ ಕಾಗದ ಅಂಟಿಸಿ ನಾನು ಹಾಕಿದೆ. ಆಮೇಲೆ ಎರಡನ್ನೂ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದೆವು.

ನನ್ನ ಕಾಗದದಲ್ಲಿ ಎರಡು ಗುಂಪು ಹೆಚ್ಚಿದ್ದವು. ಸಣ್ಣ ಚುಕ್ಕೆಗಳಂತೂ ಬಹಳ.

ಅವರು ಎರಡನ್ನೂ ಹಿಡಿದು ಹಿತ್ತಲಿಗೆ ಹೋಗಿ, ನನ್ನ ಒಂದೊಂದು ಚುಕ್ಕೆಯನ್ನೂ ಸೂರ್ಯನ ಕೆಳಗಿಟ್ಟು, ಕಾಗದ ಅಲುಗಿಸಿ, ಮುಖ ಹತ್ತಿರ ತಂದು ಪರೀಕ್ಷೆ ಮಾಡಿದರು. ನಾನು ಪಾತ್ರೆ ತೊಳೆದು ಮುಗಿಸುವ ಹೊತ್ತಿಗೆ ಒಳಗೆ ಬಂದರು. "ಇದೊಂದು ಸೂರ್ಯಂದಲ್ಲ, ಕಾಗದದ ಕಸ" ಎಂದು ಒಂದು ಚುಕ್ಕೆ ತೋರಿಸಿದರು. ಅಷ್ಟರ ಮೇಲೂ ನನ್ನ ತಪ್ಪು ಹುಡುಕಿ ತಂದದ್ದಕ್ಕೆ ಮೈಯೆಲ್ಲ ಉರಿಯಿತು.

"ಉಳಿದವು?"

"ಉಳಿದವು ಅವ."

ಕುರ್ಚಿಯ ಮೇಲೆ ಕೂತು ಬಹಳ ಹೊತ್ತು ಆ ಕಾಗದ ನೋಡಿದರು. ಸಪ್ಪೆ ಎಂದದ್ದು ಸುಳ್ಳಾಯಿತೆಂಬ ಬೇಸರವಿರಬಹುದು ಎಂದುಕೊಂಡೆ. ಅದಾಗಿರಲಿಲ್ಲ. ತಜ್ಞರ ಸಮಿತಿಯೇ ತಪ್ಪಿದ ಮೇಲೆ ಅವರಿಗೇನು ಅವಮಾನ. ಪೊರೆ ಯಾವತ್ತು ಶುರುವಾಯಿತೋ ಗೊತ್ತಿಲ್ಲ. ಎಲ್ಲಿಂದೀಚೆಗಿನ ಎಣಿಕೆ ಕೆಟ್ಟಿದೆ ಎಂದು ಹೇಳುವ ಹಾಗಿರಲಿಲ್ಲ. ಕಾಪಾಡಲು ಹೊರಟ ಸಾಲು ಆಗಲೇ ಮುರಿದುಹೋಗಿತ್ತು. ಹೀಗೆಂದು ಅವರೇ ಹೇಳಿದರು. ಆಮೇಲೆ ಲೂಯಿಸ್‌ವಿಲ್‌ಗೆ ತಾವೇ ಫೋನ್ ಮಾಡಿದರು.

ಇಲ್ಲಿಗೆ ಮುಗಿಯಿತು ಎಂದುಕೊಂಡವಳು ನಾನು. ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ತೆಗೆದ ದಿನ ಡಾಕ್ಟರು ಎಡಗಣ್ಣಿಗೆ ಎರಡು ವಾರ ಬಿಟ್ಟು ಬನ್ನಿ ಎಂದರೆ, ಇವರು ಆರು ತಿಂಗಳು ಬೇಕೆಂದು ಕೂತರು.

"ಯಾಕ್ರಿ ಸರ್ ಮತ್ತ?"

"ಹಳೇ ಕಣ್ಣು ಹೊಸಾ ಕಣ್ಣು ಎರಡೂ ಇರೂತನಕ ದಿನಾ ಎರಡರಿಂದಾನೂ ಎಣಸ್ತೇನಿ. ಹಳೇದು ಎಷ್ಟು ಕಡಿಮಿ ನೋಡ್ತದ ಅಂತ ತಿಳೀತಂದ್ರ ಹಿಂದಿನ ಎಣಿಕಿ ಸ್ವಲ್ಪರೆ ತಿದ್ದಬಹುದು."

ಡಾಕ್ಟರು ಮತ್ತೆ ನನ್ನ ಮುಖ ನೋಡಿದರು. ಹೇಳಿದ್ದು ಸರಿಯಾಗಿತ್ತು, ಅದೇ ನನ್ನ ಸಂಕಟ. ಲ್ಯಾಬಿನಲ್ಲಿ ಮೈಕ್ರೋಸ್ಕೋಪ್ ಬದಲಾದಾಗ ನಾವೂ ಹೀಗೇ ಕೆಲವು ದಿನ ಎರಡರಲ್ಲೂ ನೋಡುತ್ತಿದ್ದೆವು. "ಒಂದು ತಿಂಗಳು" ಎಂದೆ. "ಮೂರು" ಎಂದರು. ಡಾಕ್ಟರ ಮುಂದೆಯೇ ಸೊಪ್ಪಿನ ಅಂಗಡಿಯ ಹಾಗೆ ಚೌಕಾಸಿ ನಡೆದು ಎರಡಕ್ಕೆ ನಿಂತಿತು. ಅಲ್ಲಿಯವರೆಗೆ ಕಾರಿನ ಕೀಲಿಕೈ ನನ್ನ ಬಳಿ ಎಂದೆ. ಅದಕ್ಕೆ ಅವರು ಚೌಕಾಸಿ ಮಾಡಲಿಲ್ಲ.

ಆ ಎರಡು ತಿಂಗಳು ಹಿತ್ತಲಿನಿಂದ ದಿನಾ ಎರಡೆರಡು ಸಂಖ್ಯೆ ಕೇಳಿಸುತ್ತಿತ್ತು. ಎಡಗಣ್ಣಿನ ಆಪರೇಷನ್ ದಿನ ಮಾತ್ರ ಸೀಡರ್ ಪಾರ್ಕ್ ಮೇಲೆ ದಟ್ಟ ಮೋಡ. ಹೊರಡುವ ಹೊತ್ತಾದರೂ ಇವರು ಆಕಾಶ ನೋಡುತ್ತ ನಿಂತಿದ್ದರು. ನಾನು ಕಾರಿನಲ್ಲಿ ಕೂತು ಹಾರ್ನ್ ಹೊಡೆದೆ. ಬರಿಗೈಯಲ್ಲಿ ಬಂದು ಕೂತರು.

ನಡುದಾರಿಯ ವೇಕೋ ಊರು ದಾಟಿದ ಮೇಲೆ ಬಿಸಿಲು ಬಂತು.

"ಆ ಎಕ್ಸಿಟ್ ತಗೋ."

"ಯಾಕೆ?"

"ಡಿಕ್ಕಿಯೊಳಗ ಅದ."

ಟೆಲಿಸ್ಕೋಪನ್ನು ಯಾವಾಗ ಇಟ್ಟರೋ ದೇವರಿಗೇ ಗೊತ್ತು. ಬಾಯಿಗೆ ಬಂದದ್ದೆಲ್ಲ ಬೈಯುತ್ತಲೇ ಎಕ್ಸಿಟ್ ತೆಗೆದುಕೊಂಡು ಒಂದು ಗ್ಯಾಸ್ ಸ್ಟೇಷನ್‌ನ ಹಿಂಬದಿಯಲ್ಲಿ ನಿಲ್ಲಿಸಿದೆ. ಅವರು ಹಲಗೆ ನಿಲ್ಲಿಸಿದರು. ಒಬ್ಬ ಟ್ರಕ್ ಡ್ರೈವರ್ ಕಾಫಿ ಹಿಡಿದುಕೊಂಡು ಸ್ವಲ್ಪ ದೂರದಿಂದ ನೋಡತೊಡಗಿದ. ಎಡಗಣ್ಣು ಮುಚ್ಚಿಕೊಂಡು ಹೊಸ ಕಣ್ಣಿನಿಂದ ಎಣಿಸಿದರು. ಬೇಗ ಮುಗಿಯಿತು. ಆಮೇಲೆ ಬಲಗಣ್ಣಿಗೆ ಅಂಗೈ ಇಟ್ಟುಕೊಂಡು ಬಗ್ಗಿದರು. ಮನೆಯ ಹಿತ್ತಲಿನಲ್ಲಿ ಕಾಗದದ ಸುತ್ತ ಇರುತ್ತಿದ್ದ ನೆರಳು ಇಲ್ಲಿರಲಿಲ್ಲ, ಅದರ ಮೇಲೆಲ್ಲ ಬಿಸಿಲು. ಅವರು ಏನೂ ಬರೆಯಲಿಲ್ಲ.

"ಎಷ್ಟು?" ಎಂದೆ.

"ದೊಡ್ಡದು ಒಂದು ಅದ. ಉಳಿದದ್ದೆಲ್ಲ ಹಾಲು."

ಅಂಗೈ ತೆಗೆಯದೆ ಹಾಗೇ ತಲೆ ಎತ್ತಿ ಗ್ಯಾಸ್ ಸ್ಟೇಷನ್ ಕಡೆ ನೋಡಿದರು, ರಸ್ತೆಯ ಕಡೆ ನೋಡಿದರು, ಆ ಟ್ರಕ್ ಡ್ರೈವರ್ ನಿಂತಿದ್ದ ಕಡೆ ತುಂಬ ಹೊತ್ತು ನೋಡಿದರು. "ಅವತ್ತ ಇಂಥಾವು ಎರಡೂ ಇದ್ವು" ಎಂದರು. "ಇಂಥಾವ್ ಎರಡು ಕಣ್ಣಿಲೆ ಗಾಡಿ ಹೊಡದೆ."

ಅವರೇ ನಳಿಗೆ ಬಿಚ್ಚಿ, ಹಲಗೆ ಮಡಿಸಿ, ಡಿಕ್ಕಿಯಲ್ಲಿಟ್ಟರು. ಬಂದು ಕೂತು ಬೆಲ್ಟ್ ಹಾಕಿಕೊಂಡು, "ನಡಿ ನಡಿ, ತಡಾ ಆಗ್ತದ. ಡಾಕ್ಟರ್ ಕಾಯ್ತಿರ್ತಾಳ" ಎಂದರು.

ತಡವಾದದ್ದು ಯಾರಿಂದ ಎಂದು ಕೇಳುವವಳಿದ್ದೆ. ಅಷ್ಟರಲ್ಲಿ ಹೈವೇಗೆ ಸೇರುವ ಜಾಗ ಬಂತು. ಹಿಂದಿನಿಂದ ಬರುವ ಟ್ರಕ್ಕುಗಳನ್ನು ನೋಡುವುದಿತ್ತು.